ಟಾಕಿ ತುಂಬಿದ ಸುದ್ದಿ

ಆಯಿತೋ, ಆಗಲಿಲ್ಲವೋ? ಆಗಿದ್ದರೆ ಆಯಿತೆಂದು ಒಂದು ಮಾತು ಹೇಳಬಾರದೇ? ಹುಲಗೇಶ ಎಂಟರ್ ಒತ್ತಿ ಕಾಯುತ್ತಿದ್ದ. ಕಪ್ಪು ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ. ಕರ್ಸರು ಕೆಳಗಿನ ಸಾಲಿಗೆ ಇಳಿದು, ಏನೂ ನಡೆದೇ ಇಲ್ಲವೆಂಬಂತೆ ಮಿಣುಕುತ್ತಿತ್ತು. ತಪ್ಪು ಬರೆದಿದ್ದರೆ ಬೈಯುತ್ತಿತ್ತು, ಬೈಯಲಿಲ್ಲ. ಆದರೆ ಬೈಯದೇ ಇದ್ದವರೆಲ್ಲ ಒಪ್ಪಿದರು ಎಂದು ತಿಳಿಯುವುದು ಹೇಗೆ? ಮನುಷ್ಯರ ವಿಷಯದಲ್ಲಿ ಹಾಗೆ ತಿಳಿದು ಅವನು ಒಂದೆರಡು ಸಲ ಪೆಟ್ಟು ತಿಂದಿದ್ದ. ಯಂತ್ರದ ಮೌನ ಬೇರೆ ಥರದ್ದು ಎಂದೇನೋ ಓದಿದ್ದ: ಹೇಳಿದ ಕೆಲಸ ಮುಗಿದರೆ ಅದು ಸುಮ್ಮನಿರುತ್ತದೆ, ಕೆಟ್ಟರೆ ಮಾತ್ರ ಬಾಯಿ ಬಿಡುತ್ತದೆ. ಓದುವುದು ಸುಲಭ, ನಂಬುವುದಕ್ಕೇ ಧೈರ್ಯ ಬೇಕು.

"ಏನಂತೈತಿ ಅದು?" ಬೆನ್ನ ಹಿಂದೆ ನಿಂತಿದ್ದ ಕಾಕಾ ಮಾಣಿಕಪ್ಪ ಕೇಳಿದ.

"ಏನೂ ಅನ್ನವಲ್ದು ಕಾಕಾ."

"ಸಿಟ್ಟಾಗೇತೇನು?"

"ಇಲ್ಲ. ಸುಮ್ನ ಐತಿ ಅಂದ್ರ ಆಗೇತಿ ಅಂತ ಅರ್ಥ."

"ಇದಕ್ಕ ಆ ಲೆಕ್ಕ ನಡೀತೈತಿ. ನಿಮ್ಮ ಕಾಕಿ ಸುಮ್ನ ಕುಂತ್ಲಂದ್ರ ಮಾತ್ರ ಹಂಗ ತಿಳಕೋಬ್ಯಾಡಪಾ, ಕೆಟ್ಟಿ."

ಮಾಳಿಗೆಯ ನೀರಿನ ಟಾಕಿಯ ನೆರಳಿನಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಕಾಕಿ ಯಂಕಮ್ಮ ತಲೆ ಎತ್ತದೆ, "ಕೇಳಸ್ತೈತಿ ನನಗ" ಎಂದಳು.

ಮಲ್ಕಾಜ್‌ಗಿರಿಯ ನಾಲ್ಕಂತಸ್ತಿನ ಅಪಾರ್ಟ್‌ಮೆಂಟ್ ಅದು. ರೈಲ್ವೆಯಲ್ಲಿ ಇದ್ದವರು, ಇರುವವರು ಹೆಚ್ಚು. ಮಾಣಿಕಪ್ಪ ಅಲ್ಲಿಯ ವಾಚ್‌ಮನ್. ಯಾದಗಿರಿ ಕಡೆಯಿಂದ ಗೌಂಡಿ ಕೆಲಸದವರ ಗುಂಪಿನ ಜೊತೆ ಹೈದರಾಬಾದಿಗೆ ಬಂದವನು, ಇದೇ ಕಟ್ಟಡಕ್ಕೆ ಇಟ್ಟಿಗೆ ಹೊತ್ತು, ಕಟ್ಟಡ ಮುಗಿದ ಮೇಲೆ ಅದರ ಮೆಟ್ಟಿಲ ಕೆಳಗಿನ ಕೋಣೆಯಲ್ಲೇ ಉಳಿದುಬಿಟ್ಟಿದ್ದ. ಯಂಕಮ್ಮ ಮೆಟ್ಟಿಲು ಗುಡಿಸುತ್ತಿದ್ದಳು. ಮಾಣಿಕಪ್ಪನ ಅಣ್ಣನ ಮಗ ಹುಲಗೇಶ ಬಿ.ಎಸ್ಸಿ. ಮುಗಿಸಿ ತಾರ್ನಾಕದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಅವರ ಜೊತೆಗೇ ಇದ್ದ. ಮಾತು ಕಡಿಮೆಯ ಹುಡುಗ. ಇಷ್ಟು ಸಣ್ಣ ಕೋಣೆಯಲ್ಲಿ ಮೂವರು ಹಿಡಿಸುವುದಕ್ಕೆ ಅವನ ಮಾತು ಕಡಿಮೆ ಇರುವುದೇ ಕಾರಣ ಎಂದು ಯಂಕಮ್ಮ ಹೇಳುತ್ತಿದ್ದಳು.

ಈಗ ಆ ಕೋಣೆಗೇ ಕುತ್ತು ಬಂದಿತ್ತು. ನೆಲದ ತೊಟ್ಟಿಯಿಂದ ಮಾಳಿಗೆಯ ಟಾಕಿಗೆ ನೀರು ಏರಿಸುವ ಮೋಟರು ಮಾಣಿಕಪ್ಪನ ಕೈಯಲ್ಲಿತ್ತು. ಹಾಕುವುದನ್ನು ಅವನು ಮರೆಯುತ್ತಿರಲಿಲ್ಲ. ಮೋಟರು ಓಡುವಾಗ ಯಾರೋ ಒಬ್ಬರು ಕರಿಬೇವು ತರಲು ಕಳಿಸುತ್ತಿದ್ದರು, ಇನ್ನೊಬ್ಬರು ಗ್ಯಾಸ್ ಸಿಲಿಂಡರ್ ಹೊರಲು ಕರೆಯುತ್ತಿದ್ದರು. ಅಷ್ಟರಲ್ಲಿ ಟಾಕಿ ತುಂಬಿ, ಹೆಚ್ಚಿನ ನೀರು ಕೊಳವೆಯಿಂದ ಧುಮುಕಿ, ಮೂರನೇ ಮಹಡಿಯ ಗುಣವತಿಯವರ ಬಾಲ್ಕನಿಗೆ ನೇರವಾಗಿ ಬೀಳುತ್ತಿತ್ತು. ಒಣಗಿದ ಬಟ್ಟೆ ಮತ್ತೆ ಒದ್ದೆ, ಒಮ್ಮೆ ಮಾವಿನಕಾಯಿ ಹೋಳು ಹರವಿದ್ದ ಚಾಪೆಯೇ ತೇಲಿತು. ಮಾಣಿಕಪ್ಪನನ್ನು ಬಿಡಿಸಿ, ಯೂನಿಫಾರ್ಮ್ ಹಾಕಿದ ಏಜೆನ್ಸಿ ಜನವನ್ನು ಇಟ್ಟುಕೊಳ್ಳೋಣ ಎಂದು ಗುಣವತಿ ಪಟ್ಟು ಹಿಡಿದಿದ್ದರು. ಸೆಕ್ರೆಟರಿ ಆನಂದಕುಮಾರ್ ಬೀದರ್ ಮೂಲದವರು, ನಿವೃತ್ತ ರೈಲ್ವೆ ಗಾರ್ಡ್. ಅವರಿಗೆ ಮಾಣಿಕಪ್ಪನ ಮೇಲೆ ಮಮತೆಯಿತ್ತು, ಗುಣವತಿಯ ಮೇಲೆ ಭಯವಿತ್ತು. ಬರುವ ಭಾನುವಾರದ ಮೀಟಿಂಗಿನವರೆಗೆ ಅವಕಾಶ ಕೊಟ್ಟಿದ್ದರು.

ಲ್ಯಾಬಿನಲ್ಲಿ ಯಾರೋ ವಿದ್ಯಾರ್ಥಿ ಬಿಟ್ಟುಹೋದ ಒಂದು ಪುಟ್ಟ ಕಂಪ್ಯೂಟರ್ ಬೋರ್ಡನ್ನು ಹುಲಗೇಶ ಕೇಳಿ ತಂದದ್ದು ಇದಕ್ಕಾಗಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಪರದೆಯಿಲ್ಲ, ಮೌಸಿಲ್ಲ, ಲ್ಯಾಪ್‌ಟಾಪಿನಿಂದ ತಂತಿ ಚುಚ್ಚಿ ಒಂದೊಂದೇ ಸಾಲು ಬರೆದು ಹೇಳಿದರೆ ಕೇಳುತ್ತದೆ. ಟಾಕಿಯೊಳಗಿನ ತೇಲುಬುಂಡೆ ಮೇಲೇರಿದಾಗ ಅದು ಕಾಕಾನ ಮೊಬೈಲಿಗೆ ಸುದ್ದಿ ಮುಟ್ಟಿಸಬೇಕು. ಮುಟ್ಟಿಸಲು ವೈಫೈ ಬೇಕು. ಅವನು ಈಗ ಬರೆದಿದ್ದು ಬೋರ್ಡಿನ ವೈಫೈಗೆ ಬಿದ್ದಿದ್ದ ಬೀಗ ತೆಗೆ ಎಂಬ ಒಂದು ಸಾಲು. ಇನ್ನೊಂದು ಸಾಲು, ಎದ್ದು ನಿಲ್ಲು ಎಂದು. ಅದಕ್ಕೂ ಮೌನ. ಮೂರನೆಯದು, ಸುತ್ತ ಯಾರಿದ್ದಾರೆ ನೋಡು ಎಂದು.

ಇದಕ್ಕೆ ಮಾತ್ರ ಪರದೆ ತುಂಬ ಹೆಸರು ಸುರಿದವು. ಅಕ್ಕಪಕ್ಕದ ಮನೆಗಳೆಲ್ಲ ತಮ್ಮ ವೈಫೈಗೆ ಇಟ್ಟುಕೊಂಡ ಹೆಸರುಗಳು. ಒಂದು ಹನುಮಂತನದು, ಒಂದು ಯಾವುದೋ ಮಗುವಿನದು, ಇನ್ನೊಂದು 'ಮೀ ಇಂಟ್ಲೋ ಲೇದಾ?' ಎಂದು ತೆಲುಗಿನಲ್ಲೇ ಕೇಳುತ್ತಿತ್ತು, ನಿಮ್ಮ ಮನೆಯಲ್ಲಿಲ್ಲವೇ ಎಂದು. ಪ್ರತಿ ಹೆಸರಿನ ಮುಂದೆ ನೂರಕ್ಕೆ ಇಷ್ಟು ಎಂದು ಸಿಗ್ನಲ್ಲಿನ ಅಂಕ.

"ಪರೀಕ್ಷೆದ ರಿಸಲ್ಟ್ ಬಂದಂಗ ಐತಲೋ" ಎಂದ ಮಾಣಿಕಪ್ಪ. "ನಮ್ಮ ಸಾಹೇಬ್ರು ಪಾಸೋ ಫೇಲೋ?"

ಸಾಹೇಬರು, ಅಂದರೆ ನಾಲ್ಕನೇ ಮಹಡಿಯ ಆನಂದಕುಮಾರ್, ಅರವತ್ತರ ಆಸುಪಾಸಿನಲ್ಲಿ ಪಾಸಾಗಿದ್ದರು. ಅವರ ವೈಫೈ ಬಳಸಲು ಅಪ್ಪಣೆ ಸಿಕ್ಕಿತ್ತು, ಪಾಸ್‌ವರ್ಡ್ ಸಿಕ್ಕಿರಲಿಲ್ಲ. ಅದನ್ನು ತಾವೇ ಬಂದು ಟೈಪ್ ಮಾಡುವುದಾಗಿ ಹೇಳಿದ್ದರು. ಲುಂಗಿಯ ಮೇಲೊಂದು ಟವೆಲ್ ಹಾಕಿಕೊಂಡು ಬಂದು, ಎಲ್ಲರನ್ನೂ ಆ ಕಡೆ ತಿರುಗಿಸಿ ನಿಲ್ಲಿಸಿ, ಒಂದು ಬೆರಳಿನಿಂದ ಕುಟ್ಟಿದರು.

"ಅರೆ, ಚುಕ್ಕಿ ಬರಾಕತ್ತಾವಲ್ಲೋ! ನಾ ಹೊಡದದ್ದು ಬ್ಯಾರೆ."

"ಮುಚ್ಚಿಟ್ಟು ತೋರಿಸ್ತದ್ರಿ. ಯಾರೂ ನೋಡಬಾರ್ದಂತ."

"ವಾಹ್. ಮಷೀನಿಗೂ ತಮೀಜ್ ಐತಿ, ಮರ್ಯಾದಿ ಐತಿ. ಕಲೀರಿ ಎಲ್ಲಾರೂ."

ಕೂಡಿಕೊಂಡಿದೆ ಎಂದು ಪರದೆ ಒಂದೇ ಸಾಲಿನಲ್ಲಿ ಹೇಳಿ ಸುಮ್ಮನಾಯಿತು. ಹುಲಗೇಶ ತೇಲುಬುಂಡೆಯನ್ನು ಕೈಯಿಂದ ಎತ್ತಿದ. ಮಾಣಿಕಪ್ಪನ ಜೇಬು ಕಿರುಚಿತು. ಅವನು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದು, ಮೊಬೈಲು ತೆಗೆದು, ಒಡೆದ ಗಾಜಿನ ಮೇಲೆ ಕಣ್ಣು ಕಿರಿದು ಮಾಡಿ ಓದಿದ: 'ಟಾಕಿ ತುಂಬಿತು.' ಇನ್ನೊಮ್ಮೆ ಎತ್ತಲು ಹೇಳಿದ. ಮತ್ತೊಮ್ಮೆ. ಆನಂದಕುಮಾರರೂ ಒಮ್ಮೆ ಎತ್ತಿದರು. ಯಂಕಮ್ಮ ಮಾತ್ರ ಬೋರ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದಳು.

"ಇದು ಇಲ್ಲೇ ಇರ್ತೈತೇನು? ಹಗಲೆಲ್ಲಾ?"

"ಹೂಂ ಕಾಕಿ."

"ಒಬ್ಬಂಟಿ? ಈ ಬಿಸಲಾಗ?"

"ಮಳಿ ಬರೂದ್ರಾಗ ಡಬ್ಬಿ ಮಾಡ್ತೀನಿ. ಬಿಸಲಿಗೆ ಏನಾಗೂದಿಲ್ಲ."

"ಎಲ್ಲಾರೂ ಹಿಂಗೇ ಅಂತಾರ" ಎಂದು ಅವಳು ಎದ್ದು ಹೋದಳು.

ಮಂಗಳವಾರ ಮಧ್ಯಾಹ್ನ ಗುಣವತಿಯವರ ಬೆಡ್‌ಶೀಟುಗಳು ಒದ್ದೆಯಾದವು. ಮಾಣಿಕಪ್ಪ ಮೋಟರು ಹಾಕಿ, ಯಾರದೋ ಪಾರ್ಸಲ್ ತರಲು ಗೇಟಿಗೆ ಹೋಗಿದ್ದ. ಮೊಬೈಲು ಉಸಿರು ಬಿಟ್ಟಿರಲಿಲ್ಲ. ಸಂಜೆ ಹುಲಗೇಶ ಓಡಿ ಬಂದು, ಮಾಳಿಗೆ ಹತ್ತಿ ನೋಡಿದರೆ ಎಲ್ಲ ಸರಿಯಿತ್ತು. ಸಿಗ್ನಲ್ ಅರವತ್ತು. ಬುಂಡೆ ಎತ್ತಿದರೆ ಕಾಕಾನ ಜೇಬು ಕಿರುಚುತ್ತಿತ್ತು.

ಬುಧವಾರವೂ ಅದೇ. ಬೋರ್ಡು ಬರೆದಿಟ್ಟುಕೊಂಡ ದಿನಚರಿಯನ್ನು ಅವನು ಓದಿದ. ಬಿಸಿಲೇರುವ ಹೊತ್ತಿಗೆ ಅದು ವೈಫೈಯಿಂದ ಕಳಚಿಕೊಳ್ಳುತ್ತಿತ್ತು, ಮತ್ತೆ ಮತ್ತೆ ಹುಡುಕುತ್ತಿತ್ತು, ಸಿಗುತ್ತಿರಲಿಲ್ಲ. ಸಂಜೆ ತಾನಾಗಿ ಕೂಡಿಕೊಳ್ಳುತ್ತಿತ್ತು.

"ಹಗಲೊತ್ತು ಮಲಕೊಳ್ತೈತೇನೋ?" ಎಂದ ಮಾಣಿಕಪ್ಪ. ಅವನು ತಮಾಷೆಗೆ ಅಂದದ್ದು. ಹುಲಗೇಶನಿಗೆ ಅದೇ ಸರಿ ಅನ್ನಿಸಿತು. ವೈಫೈಗೆ ಕರೆಂಟು ಉಳಿಸಲು ತೂಕಡಿಸುವ ಚಾಳಿ ಇರುತ್ತದೆ. ಒಂದು ಸಾಲು ಬರೆದು ಆ ಚಾಳಿ ಬಿಡಿಸಿದ. ಪರದೆ ಸುಮ್ಮನಿತ್ತು, ಅಂದರೆ ಬಿಟ್ಟಿತ್ತು. ಆದರೂ ಗುರುವಾರ ಗುಣವತಿಯವರ ತುಳಸಿಗಿಡಕ್ಕೆ ಬೇಡದಷ್ಟು ನೀರಾಯಿತು.

ಆಮೇಲೆ ಅವನ ಅನುಮಾನ ಆನಂದಕುಮಾರರ ಮನೆಯ ಮೈಕ್ರೊವೇವ್ ಒಲೆಯ ಮೇಲೆ ಹೋಯಿತು. ಊಟದ ಹೊತ್ತಿಗೆ ಅದು ಓಡಿದರೆ ವೈಫೈ ಕೆಡುವುದುಂಟು. ಬಾಗಿಲು ತಟ್ಟಿ, ಅವರ ಹೆಂಡತಿ ಪ್ರೇಮಾ ಅವರನ್ನು ಸಂಕೋಚದಿಂದ ಕೇಳಿದ, "ಆಂಟಿ, ನೀವು ಸಾರು ಯಾವಾಗ ಬಿಸಿ ಮಾಡ್ತೀರಿ?"

"ಯಾಕಪಾ, ಉಣ್ಣಾಕ ಬರಾವೇನು?"

ಅವನ ಕಿವಿ ಕೆಂಪಾದವು. ವಿಷಯ ತಿಳಿದು ಅವರು ನಕ್ಕು, ಒಂದು ಬಟ್ಟಲು ಸಾರು ಕೊಟ್ಟೇ ಕಳಿಸಿದರು. ಒಲೆ ಕೆಟ್ಟು ತಿಂಗಳಾಗಿತ್ತಂತೆ.

ವೈಫೈಯ ಚಾನೆಲ್ ಬದಲಿಸಿ ನೋಡಿದ. ಬೋರ್ಡಿನ ಬಿಸಿ ಅಳೆದು ನೋಡಿದ. ಏಪ್ರಿಲ್ ಬಿಸಿಲಿಗೆ ಅದು ಬೆಂದು ಹೋಗುತ್ತಿರಬೇಕು ಎಂದುಕೊಂಡಿದ್ದರೆ, ಹಗಲಿನ ಬಿಸಿ ಅವನು ಅಂದುಕೊಂಡದ್ದಕ್ಕಿಂತ ಕಡಿಮೆಯೇ ಇತ್ತು. ಅದು ಅವನನ್ನು ಇನ್ನಷ್ಟು ಗೊಂದಲಕ್ಕೆ ಕೆಡವಿತು. ಲ್ಯಾಬಿನಲ್ಲಿ ರಜೆ ಸಿಗುವಂತಿರಲಿಲ್ಲ, ಕೆಲಸ ಕಾಯಂ ಆಗಿರಲಿಲ್ಲ. ಕೊನೆಗೆ ಕಾಕಿಯನ್ನು ಕೇಳಿದ, ಹಗಲಿಡೀ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸುವವಳು ಅವಳೇ.

"ಅದನ್ನ ಯಾರಾದ್ರೂ ಮುಟ್ಟತಾರೇನು ಕಾಕಿ?"

"ಇಲ್ಲಪಾ. ಮಂಗ್ಯಾಗ ಸತೇಕ ಹತ್ರ ಬರಗೊಟ್ಟಿಲ್ಲ. ನಾನೂ ಬೆರಳು ಹಚ್ಚಿಲ್ಲ."

ಅವಳು ಸುಳ್ಳು ಹೇಳುವವಳಲ್ಲ. ಹುಲಗೇಶ ತಲೆಯಾಡಿಸಿ, ತನ್ನಲ್ಲೇ ಎಲ್ಲೋ ತಪ್ಪಿರಬೇಕೆಂದು ಬರೆದ ಸಾಲುಗಳನ್ನೆಲ್ಲ ಮತ್ತೆ ಮೊದಲಿನಿಂದ ಓದಿದ.

ಭಾನುವಾರ ಬೆಳಗಿನ ತಿಂಡಿ ಮುಗಿಸಿ ಜನ ಪಾರ್ಕಿಂಗಿನಲ್ಲಿ ಸೇರಿದರು. ಪ್ಲಾಸ್ಟಿಕ್ ಕುರ್ಚಿಗಳು, ಒಂದು ಫ್ಲಾಸ್ಕು ಚಹಾ. ಗುಣವತಿ ಕುರ್ಚಿಯನ್ನು ತಮ್ಮ ಬಾಲ್ಕನಿ ಕಾಣುವ ಹಾಗೆ ಹೊರಗೆಳೆದು ಕೂತರು, ಕಾಲಬುಡದಲ್ಲಿ ಸಾಕ್ಷಿಗೆಂದು ಒಂದು ಒದ್ದೆ ದಿಂಬಿನ ಚೀಲ.

"ನೋಡ್ರಿ, ಸೀದಾ ಮಾತು" ಎಂದರು ಆನಂದಕುಮಾರ್, ಗಾರ್ಡಿನ ಹಳೇ ಗತ್ತಿನಲ್ಲಿ. "ಮೋಟರ್ ಹಾಕೂದು. ಟಾಕಿ ತುಂಬತಿದ್ದಂಗ ಮಾಣಿಕಪ್ಪನ ಫೋನ್ ಬಾರಿಸಿತು ಅಂದ್ರ ಅವ ಇರ್ತಾನ. ನೀರು ಮೊದ್ಲು ಬಿತ್ತು ಅಂದ್ರ, ಒಂದನೇ ತಾರೀಖಿನಿಂದ ಏಜೆನ್ಸಿಯವ್ರು. ಕೋಣಿನೂ ಅವ್ರಿಗೆ. ಏನಂತೀರಿ ಮೇಡಂ?"

"ನಾನೇನಂತೀನ್ರಿ. ನನ್ನ ಬಾಲ್ಕನಿ ಅಂತೈತಿ" ಎಂದರು ಗುಣವತಿ.

ಮಾಣಿಕಪ್ಪ ಮೋಟರು ಹಾಕಿದ. ಮೊಬೈಲನ್ನು ಅಂಗೈಯಲ್ಲಿ, ಪ್ರಸಾದ ಹಿಡಿದಂತೆ ಹಿಡಿದು ನಿಂತ. ಯಾರೋ ಚಹಾ ಹೀರಿದರು. ಯಾರೋ ಟ್ರಾನ್ಸ್‌ಫರ್ ಸುದ್ದಿ ತೆಗೆದರು. ಹುಲಗೇಶ ಮಾತ್ರ ಕಾಕಾನ ಅಂಗೈಯನ್ನೇ ನೋಡುತ್ತಿದ್ದ. ಅಲ್ಲಿ ಏನೂ ಆಗಲಿಲ್ಲ. ಏನೂ ಆಗಲಿಲ್ಲ. ಆಮೇಲೆ ಮೇಲೆಲ್ಲೋ ಕೊಳವೆ ಗಂಟಲು ಸರಿಮಾಡಿಕೊಂಡಿತು. ನೀರು ಮೂರನೇ ಮಹಡಿಯ ಕಟಕಟೆಯ ಮೇಲೆ ಚಟಚಟನೆ ಬಿತ್ತು.

"ಅದೋ!" ಎಂದು ಗುಣವತಿ ಎದ್ದು ನಿಂತರು. ಅವರ ದನಿಯಲ್ಲಿ ದುಃಖಕ್ಕಿಂತ ಗೆಲುವೇ ಹೆಚ್ಚಾಗಿತ್ತು.

ಮಾಣಿಕಪ್ಪ ಮೋಟರು ಆರಿಸಿದ. ಹುಲಗೇಶ ಅಷ್ಟರಲ್ಲಿ ಮೆಟ್ಟಿಲು ಹತ್ತುತ್ತಿದ್ದ, ಎರಡೆರಡೇ ಹಾರುತ್ತ.

ಮಾಳಿಗೆಯ ತುಂಬ ಕೆಂಪು ಮೆಣಸಿನಕಾಯಿ ಹರಡಿತ್ತು. ನಡುವೆ ಯಂಕಮ್ಮ ಕಾಲಿನಿಂದ ಅವನ್ನು ಮಗುಚುತ್ತ ಅಡ್ಡಾಡುತ್ತಿದ್ದಳು. ಟಾಕಿಯ ಮಗ್ಗುಲಲ್ಲಿ ಬೋರ್ಡು ಕಾಣಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಕಬ್ಬಿಣದ ಪುಟ್ಟಿಯೊಂದು ಬೋರಲಾಗಿ ಕೂತಿತ್ತು, ಗೌಂಡಿ ಕೆಲಸದವರು ಕಲಸಿದ ಸಿಮೆಂಟ್ ಹೊರುವ ದಪ್ಪ ಪುಟ್ಟಿ. ಅದರ ಮೇಲೆ ನೀರಿನಲ್ಲಿ ಅದ್ದಿ ಹಿಂಡಿದ ಗೋಣಿಚೀಲ. ಕಬ್ಬಿಣದ ಗೋಡೆ, ಅದರ ಮೇಲೆ ನೀರಿನ ಗೋಡೆ. ಇದನ್ನು ದಾಟಿ ಯಾವ ಸಿಗ್ನಲ್ ಹೋದೀತು?

"ಕಾಕಿ" ಎಂದ.

"ಯಾಕ ಓಡಿ ಬಂದೀ? ಬಾರಿಸಿತಿಲ್ಲೋ ಫೋನು?" ಅವಳು ಅವನ ಕಣ್ಣು ಹೋದ ಕಡೆ ನೋಡಿದಳು. "ಅದಾ? ಚಲೋ ಐತಿ ಅದು. ದಿನಾ ಬಿಸಲೇರತಿದ್ದಂಗ ಮುಚ್ಚತೀನಿ, ಸಂಜಿಕ ಕಸ ತುಂಬಾಕ ಪುಟ್ಟಿ ಬೇಕಾಗತೈತಿ, ಒಯ್ತೀನಿ. ಬೆರಳು ಸತೇಕ ಹಚ್ಚಿಲ್ಲ ನೋಡು. ಎರಡು ಇಟ್ಟಂಗಿ ಇಟ್ಟು ಅದರ ಮ್ಯಾಲ ಹಾಕೀನಿ."

ಅವನು ಪುಟ್ಟಿಯ ಅಂಚಿಗೆ ಕೈ ಹಾಕಿದ್ದ.

"ಕೂಸಿದ್ದಾಗ ನಿನ್ನೂ ಹಿಂಗೇ ಮುಚ್ಚತಿದ್ವಿ" ಎಂದಳು ಯಂಕಮ್ಮ, ಮೆಣಸಿನಕಾಯಿ ಮಗುಚುತ್ತಲೇ. "ಗಚ್ಚಿಬೌಲಿಯಾಗ ಸ್ಲ್ಯಾಬ್ ಹಾಕುಮುಂದ. ನೆಳ್ಳು ಅನ್ನೂದು ಇರಲಿಲ್ಲ ಅಲ್ಲಿ, ಒಂದು ಗಿಡ ಇಲ್ಲ. ನಿಮ್ಮವ್ವ ಮ್ಯಾಲ, ನಾ ಕೆಳಗ. ಇಟ್ಟಂಗಿ ಮ್ಯಾಲ ಪುಟ್ಟಿ, ಪುಟ್ಟಿ ಮ್ಯಾಲ ಹಸಿ ಗೋಣಿ. ಒಳಗ ತಣ್ಣಗ ಮಲಕೊಂಡಿರ್ತಿದ್ದಿ ನೀ. ಒಂದಿನಾ ಅತ್ತಾವಲ್ಲ. ಮೇಸ್ತ್ರಿ ಬಂದು ಒದ್ದು ನೋಡ್ತಿದ್ದ, ಒಳಗ ಏನೈತಿ ಅಂತ. ನಾ ಅವ್ನಿಗೆ ಕೈಯಾಗಿನ ಸಲಿಕಿ ತೋರಿಸ್ತಿದ್ದೆ."

ಅವಳು ನಕ್ಕಳು. ಅವನಿಗೆ ಆ ದಿನಗಳ ನೆನಪಿರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಆದರೂ ಕಬ್ಬಿಣದ ಒಳಗಿನ ಮಬ್ಬು, ಮೇಲೆ ಹಸಿ ಗೋಣಿಯ ವಾಸನೆ, ದೂರದಲ್ಲಿ ಕಲ್ಲು ಹೊರುವವರ ಕೂಗು, ಎಲ್ಲ ಒಂದು ಗಳಿಗೆ ಅವನ ಮೈಗೆ ತಾಗಿದಂತಾಯಿತು. ಹೇಳಬೇಕೆಂದಿದ್ದ ಮಾತನ್ನು ಅವನು ಬದಲಿಸಿದ.

"ಕಾಕಿ, ರೊಟ್ಟಿ ಇಡೂ ಬಿದಿರು ಬುಟ್ಟಿ ಐತಲ್ಲ?"

"ಐತಿ, ಇಲ್ಲೇ ಐತಿ. ಸಂಡಿಗಿ ತುಂಬಾಕ ತಂದೀನಿ. ಯಾಕ?"

"ಪುಟ್ಟಿ ಒಜ್ಜಿ, ಎತ್ತಿ ಎತ್ತಿ ಸಾಕಾಗತೈತಿ. ಬುಟ್ಟಿ ಹಾಕೋಣು. ಗಾಳಿನೂ ಆಡತೈತಿ, ನೆಳ್ಳೂ ಆಗತೈತಿ."

ಅವಳು ಯೋಚಿಸಿದಳು. ಮಗುವಿನ ವಿಷಯದಲ್ಲಿ ಯಾರೋ ಹೊಸ ಔಷಧಿ ಹೇಳಿದಾಗ ಯೋಚಿಸುವ ಹಾಗೆ. "ಗಾಳಿ ಆಡೂದು ಚಲೋನ. ಹಂಗಾರ ಗೋಣಿ?"

"ಗೋಣಿ ಬ್ಯಾಡ. ಶೀತ ಆಗತೈತಿ ಅದಕ್ಕ."

"ಹೌದೇನು? ಶೀತ ಆಗತೈತಿ ಅಂದ್ರ ಬ್ಯಾಡಪಾ."

ಅವನು ಪುಟ್ಟಿ ಎತ್ತಿದ. ಕೆಳಗಿನಿಂದ, ನಾಲ್ಕು ಮಹಡಿ ದಾಟಿ, ಮಾಣಿಕಪ್ಪನ ಮೊಬೈಲಿನ ಕಿರುಚಾಟ ಕೇಳಿತು. ಅದರ ಹಿಂದೆಯೇ ಮಾಣಿಕಪ್ಪನ ಕೂಗು: "ಬಂತೂ! ಸಾಹೇಬ್ರ, ಬಂತು!"

ಬುಟ್ಟಿ ಬೋರಲು ಹಾಕಿ ಅವನು ಕೆಳಗಿಳಿದಾಗ ಪಾರ್ಕಿಂಗಿನಲ್ಲಿ ವಾದ ಜೋರಾಗಿತ್ತು.

"ಬಂತು ಅಂದ್ರ? ನೀರು ಬಿದ್ದು, ಬಟ್ಟಿ ತೊಯ್ದು, ನಾ ಬೈದು ಮುಗಿಸಿದ ಮ್ಯಾಲ ಬಂದ್ರ ಏನ್ ಬಂದಂಗ?" ಎನ್ನುತ್ತಿದ್ದರು ಗುಣವತಿ.

"ಲೇಟ್ ಬಂದ್ರೂ ಗಾಡಿ ಗಾಡಿನ ಮೇಡಂ" ಎಂದರು ಆನಂದಕುಮಾರ್. "ನನ್ನ ಸರ್ವಿಸಿನಾಗ ಅರ್ಧಾ ಗಾಡಿ ಲೇಟ್ ಬಂದಾವು. ಕ್ಯಾನ್ಸಲ್ ಮಾಡೀವೇನು?"

"ಇನ್ನೊಂದು ಸರ್ತಿ ನೋಡ್ರಿ" ಎಂದ ಹುಲಗೇಶ. ಅವನು ಅಷ್ಟು ಜನರ ಮುಂದೆ ತಾನಾಗಿ ಬಾಯಿ ತೆರೆದದ್ದು ಅದೇ ಮೊದಲು. ಎಲ್ಲರೂ ಅವನ ಕಡೆ ತಿರುಗಿದರು. "ಒಂದ್ ಸರ್ತಿ ಅಷ್ಟ. ಈಗ ಸರಿ ಐತ್ರಿ."

ಗುಣವತಿ ಅವನನ್ನೂ, ಗೋಡೆಗೆ ಒರಗಿ ನಿಂತಿದ್ದ ಮಾಣಿಕಪ್ಪನನ್ನೂ ನೋಡಿದರು. "ನೋಡ್ರಿ" ಎಂದರು ಕೊನೆಗೆ. "ಹೆಂಗೂ ಇವತ್ತು ನಾ ಬಟ್ಟಿ ಹಾಕೂದಿಲ್ಲ."

ಟಾಕಿ ಸ್ವಲ್ಪ ಇಳಿಯಬೇಕಿತ್ತು. ಆನಂದಕುಮಾರ್ ಹಸಿರು ಬಾವುಟ ಬೀಸುವಂತೆ ಟವೆಲ್ ಬೀಸಿ, ಎಲ್ಲರೂ ಮನೆಗೆ ಹೋಗಿ ನಲ್ಲಿ ಬಿಡಿ ಎಂದರು. ಪ್ರೇಮಾ ಎರಡು ದಿನದ ಬಟ್ಟೆಯನ್ನು ಮಷೀನಿಗೆ ತುಂಬಿದರು. ಒಬ್ಬರು ಸ್ಕೂಟರ್ ತೊಳೆದರು. ಇನ್ನೊಬ್ಬರು ಇದೇ ನೆಪದಲ್ಲಿ ಸ್ನಾನಕ್ಕೇ ಇಳಿದುಬಿಟ್ಟರು. ಭಾನುವಾರದ ಮೀಟಿಂಗು ಒಂದು ತೊಳೆಯುವ ಹಬ್ಬವಾಯಿತು.

ಮೋಟರು ಮತ್ತೆ ಹೊರಳಿತು. ಈ ಸಲ ಯಾರೂ ಚಹಾ ಹೀರಲಿಲ್ಲ. ಮಾಣಿಕಪ್ಪ ಕಣ್ಣು ಮುಚ್ಚಿಕೊಂಡಿದ್ದ. ಗುಣವತಿ ಕತ್ತೆತ್ತಿ ಕೊಳವೆಯ ಬಾಯಿ ನೋಡುತ್ತಿದ್ದರು. ಸ್ನಾನಕ್ಕಿಳಿದವರು ತಲೆಯ ಮೇಲೆ ಸೋಪಿನ ನೊರೆಯೊಂದಿಗೇ ಬಾಲ್ಕನಿಗೆ ಬಂದು ಬಗ್ಗಿದ್ದರು.

ಮೊಬೈಲು ಕಿರುಚಿತು.

ಮಾಣಿಕಪ್ಪ ಕಣ್ಣು ತೆರೆಯದೆಯೇ ಓಡಿ ಮೋಟರು ಆರಿಸಿದ. ಕೊಳವೆ ಒಣಗಿಯೇ ಇತ್ತು. ಗುಣವತಿ ಇನ್ನೂ ಸ್ವಲ್ಪ ಹೊತ್ತು ಮೇಲೆ ನೋಡಿದರು, ಒಂದು ಹನಿಯಾದರೂ ಬಂದೀತೆಂದು. ಬರಲಿಲ್ಲ.

"ಆತು ಬಿಡ್ರಿ" ಎಂದು ಅವರು ದಿಂಬಿನ ಚೀಲ ಮಡಚಿದರು. "ಮಾಣಿಕಪ್ಪ, ನಾಳೆ ನನಗ ಒಂದು ಕಟ್ಟು ಕರಿಬೇವು ತಂದುಕೊಡು. ಮೋಟರ್ ಹಾಕಿದ್ರೂ ಅಡ್ಡಿ ಇಲ್ಲ."

ನಗು ಎದ್ದಿತು. ಅವರೂ ತಡೆಯಲಾರದೆ ನಕ್ಕರು. ಆನಂದಕುಮಾರ್ ಹುಲಗೇಶನ ಬೆನ್ನು ತಟ್ಟಿ, "ಖರೇ ಹೇಳು, ಏನಾಗಿತ್ತು? ಮ್ಯಾಲ ಹೋಗಿ ಏನ್ ಬರದಿ?" ಎಂದು ಕೇಳಿದರು. ಸುತ್ತ ಇದ್ದವರೂ ಹತ್ತಿರ ಬಂದರು. ಯಂಕಮ್ಮ ಖಾಲಿ ಪುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಮೆಟ್ಟಿಲು ಇಳಿದು ಬರುತ್ತಿದ್ದಳು, ಇವರೆಲ್ಲ ಯಾಕೆ ನಗುತ್ತಿದ್ದಾರೆ ಎಂದು ತಾನೂ ನಗುತ್ತ.

"ಸಿಗ್ನಲ್ ಬಿದ್ದಿರಲಿಲ್ರಿ" ಎಂದ ಹುಲಗೇಶ. "ಈಗ ಬಿತ್ತು."

"ಗಾರ್ಡಿಗೆ ತಿಳಿಯೂ ಭಾಷೆಯಾಗ ಹೇಳ್ದಿ. ಶಾಭಾಸ್."

ಅಂದು ಮಧ್ಯಾಹ್ನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಊಟಕ್ಕೆ ಪ್ರೇಮಾ ಕಳಿಸಿದ ಶಾವಿಗೆ ಪಾಯಸವಿತ್ತು. ಮಾಣಿಕಪ್ಪ ಮೊಬೈಲನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಉಂಡ. ಯಂಕಮ್ಮ ಎರಡು ಸಲ ಮೇಲೆ ಹೋಗಿ ಬುಟ್ಟಿ ಸರಿಯಾಗಿದೆಯೇ ನೋಡಿ ಬಂದಳು. ಅವಳು ಮುಚ್ಚದೆ ಹೋಗಿದ್ದರೆ ಅದು ಎಂದೋ ಸುಟ್ಟು ಹೋಗುತ್ತಿತ್ತೆಂದು ಗಂಡನಿಗೆ ಹೇಳಿದಳು, ಬಂದವರಿಗೂ ಹೇಳುತ್ತ ಹೋದಳು. ಆ ವಾರವೆಲ್ಲ ಸುದ್ದಿಯ ದಾರಿ ಮುಚ್ಚಿದ್ದು ಅವಳ ಪುಟ್ಟಿಯೇ ಎಂದು ಹುಲಗೇಶ ಅವಳಿಗೆ ಯಾವತ್ತೂ ಹೇಳಲಿಲ್ಲ.